ಕೆಳಗಿನವಳು

ಈಗ ನಾನಿರುವ ಊರಿನಲ್ಲಿ ಬಿಯರ್ ಕುಡಿದವರು ಕುರ್ಚಿಯಲ್ಲೇ ಕೂತಿರುತ್ತಾರೆ. ಮೊನ್ನೆ ನಮ್ಮ ಆಫೀಸಿನ ವಸುಂಧರಾಳ ಹುಟ್ಟುಹಬ್ಬಕ್ಕೆಂದು ಎಲ್ಲರೂ ಒಂದು ಹೋಟೆಲಿನಲ್ಲಿ ಸೇರಿದ್ದೆವು. ಒಳ್ಳೆಯ ಬಿಯರು, ಹೊರಮೈ ಬೆವರುತ್ತಿದ್ದ ಗ್ಲಾಸು, ಮೇಜಿನ ಮೇಲೆ ಗುಲಾಬಿ. ಎಲ್ಲರೂ ಕುಡಿದರು, ನಾನೂ ಒಂದು ಗ್ಲಾಸು ಕುಡಿದೆ. ಆಮೇಲೆ ಕರವಸ್ತ್ರ ಬಿತ್ತೆಂಬಂತೆ ಬಗ್ಗಿ ಮೇಜಿನ ಕೆಳಗೆ ನೋಡಿದೆ. ಎಲ್ಲರ ಚಪ್ಪಲಿಗಳೂ ನೆಲಕ್ಕೆ ಅಂಟಿಕೊಂಡಿದ್ದವು. ನನ್ನವೂ. ಅಷ್ಟು ಹೊತ್ತು ನಕ್ಕಿದ್ದರೂ ಒಬ್ಬರೂ ಬೆರಳಿನ ದಪ್ಪದಷ್ಟು ಕೂಡ ಮೇಲೆದ್ದಿರಲಿಲ್ಲ. ಪಾಪ, ಇವರು ಕೊಟ್ಟ ದುಡ್ಡಿಗೆ ಸಿಕ್ಕಿದ್ದು ಇಷ್ಟೇನಾ ಅನ್ನಿಸಿತು. ಮನೆಗೆ ಬಂದು ಡೈರಿ ತೆರೆದು ಕೂತರೆ ಹುಟ್ಟುಹಬ್ಬದ ಸುದ್ದಿ ಬರೆಯಲು ಕೈ ಏಳಲೇ ಇಲ್ಲ. ಬಂದದ್ದೆಲ್ಲ ನಾನು ಡಿಗ್ರಿ ಓದಿದ ಊರು, ಅಲ್ಲಿಯ ಹುಂಜದ ಬಿಯರು.

ಹುಂಜದ ಬಿಯರೆಂದರೆ ಸೀಸೆಯ ಮೇಲೆ ಕತ್ತು ಉದ್ದ ಮಾಡಿ ಕೂಗುತ್ತಿರುವ ಹುಂಜದ ಚಿತ್ರ. ಅಚ್ಚು ಹಾಕಿದವನು ಅದಕ್ಕೆ ಕಣ್ಣಿಡುವುದನ್ನು ಮರೆತಿದ್ದ. ಊರಿನಲ್ಲಿ ಅದಕ್ಕಿಂತ ಅಗ್ಗದ್ದು ಇರಲಿಲ್ಲ. ಒದ್ದೆ ಗೋಣಿಚೀಲದ ವಾಸನೆ, ಬೇವಿನ ಕಡ್ಡಿ ಜಗಿದಂಥ ಕಹಿ, ಐಸು ಎಂಬುದನ್ನೇ ಕಾಣದ ಒಂದು ಬಿಸುಪು. ಕುಡಿದವರು ಮೊದಲು ಬಿಕ್ಕುತ್ತಿದ್ದರು, ಆಮೇಲೆ ಅವರ ಹಿಮ್ಮಡಿ ಏಳುತ್ತಿತ್ತು, ಆಮೇಲೆ ಹೆಬ್ಬೆರಳೂ ನೆಲ ಬಿಡುತ್ತಿತ್ತು. ಬೆಲೆಬಾಳುವ ಬಿಯರಿಗೆ ಆ ಗುಣವಿರಲಿಲ್ಲ. ಆಫೀಸರುಗಳೂ ವಕೀಲರೂ ಕ್ಲಬ್ಬಿನಲ್ಲಿ ಅದನ್ನೇ ಕುಡಿದು, ನಾವು ಇವತ್ತಿನವರೆಗೆ ನೆಲ ಬಿಟ್ಟವರಲ್ಲ ಎಂದು ಜಂಬದಿಂದ ಹೇಳಿಕೊಳ್ಳುತ್ತಿದ್ದರು. ಹಾಗೆ ಹೇಳುವಾಗ ಅವರ ಕಣ್ಣು ಕಿಟಕಿಯಾಚೆ ತೇಲಿಹೋಗುವವರ ಮೇಲೇ ಇರುತ್ತಿತ್ತು.

ಊರು ಇದಕ್ಕೆಲ್ಲ ಒಗ್ಗಿಹೋಗಿತ್ತು. ದರ್ಜಿಗಳು ಪ್ಯಾಂಟಿಗಾಗಲಿ ಚೂಡಿದಾರಕ್ಕಾಗಲಿ, ಕೇಳದೆಯೇ ಸೊಂಟದ ಬಳಿ ಹಗ್ಗ ಸಿಕ್ಕಿಸಲು ಗಟ್ಟಿ ಬಟ್ಟೆಯದೊಂದು ಬಳೆ ಹೊಲಿದು ಕೊಡುತ್ತಿದ್ದರು. ತೆಂಗಿನಕಾಯಿ ಕೀಳುವ ಮರಿಯಪ್ಪ ಬೆಳಿಗ್ಗೆಯೇ ಅರ್ಧ ಸೀಸೆ ಕುಡಿದು ಮರದ ಪಕ್ಕ ನಿಲ್ಲುತ್ತಿದ್ದ. ಹೆಂಡತಿ ಹಗ್ಗ ಬಿಡುತ್ತ ಬಿಡುತ್ತ ಅವನನ್ನು ಗೊನೆಯ ಮಟ್ಟಕ್ಕೆ ಕಳಿಸಿ, ಕೆಳಗೆ ನಿಂತು ಮಗ್ಗುಲ ಮನೆಯವರೊಡನೆ ಹರಟುತ್ತಿದ್ದಳು. ಮುಖ್ಯ ಬೀದಿಯಲ್ಲಿ ಪುರಸಭೆಯವರ ಒಂದು ಬೋರ್ಡಿತ್ತು: ಹಗ್ಗವಿಲ್ಲದೆ ದೀಪದ ಕಂಬಕ್ಕಿಂತ ಮೇಲೆ ಹೋಗಬಾರದು. ಅದನ್ನು ಕಂಬದ ತುದಿಯಲ್ಲೇ ಕಟ್ಟಿದ್ದರು, ಓದಬೇಕಾದವರಿಗೆ ಕಾಣಲೆಂದು. ಒಮ್ಮೆ ಟೈಪಿಂಗ್ ಕ್ಲಾಸಿನ ಮೇಷ್ಟ್ರು ಹಗ್ಗ ಬಿಚ್ಚಿಕೊಂಡು ಗಾಳಿಯ ಪಾಲಾಗಿ, ಕೆರೆಯಾಚೆಯ ಯಾವುದೋ ಹಳ್ಳಿಯ ಹಿತ್ತಲಲ್ಲಿ ಇಳಿದು, ಮಾರನೆಯ ದಿನ ಕಂಕುಳಲ್ಲಿ ಕುಂಬಳಕಾಯಿ ಇಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದಿದ್ದರು. ಕುಂಬಳಕಾಯಿ ಎಲ್ಲಿಂದ ಬಂತೆಂದು ಯಾರು ಕೇಳಿದರೂ ಅವರು ಬಾಯಿ ಬಿಡಲಿಲ್ಲ.

ಹಾಗಾಗಿ ಕುಡಿಯಲು ಕೂರುವ ಪ್ರತಿ ಗುಂಪಿನಲ್ಲೂ ಒಬ್ಬರು ಕುಡಿಯದೆ ಉಳಿದು ಹಗ್ಗ ಹಿಡಿಯಬೇಕಿತ್ತು. ಅವರಿಗೆ ಕೆಳಗಿನವರು ಎಂದು ಹೆಸರು. ಹಗ್ಗ ಹಿಡಿಯುವುದು ಅರ್ಧ ಕೆಲಸವಷ್ಟೇ. ಎಷ್ಟು ಎಳೆದು ಕೆಳಗಿಳಿಸಿದರೂ ಕೈ ಸಡಿಲಿಸಿದ ಕೂಡಲೇ ಮೇಲೆ ಹೋದವರು ಮತ್ತೆ ಮೇಲೆಯೇ. ನಿಜವಾಗಿ ಇಳಿಸುವುದು ಮಾತು. ಪ್ರತಿಯೊಬ್ಬರಿಗೂ ಒಂದು ಭಾರದ ಮಾತು ಇರುತ್ತದೆ. ಅದನ್ನು ಕಿವಿಯಲ್ಲಿ ಹೇಳಿದರೆ ಎಂಥವರೂ ಜರ್ರನೆ ಇಳಿದು ಬರುತ್ತಾರೆ. ನಿಮ್ಮ ದೊಡ್ಡಕ್ಕ ಬಂದಿದ್ದಾರೆ, ಸೂಟ್‌ಕೇಸೂ ತಂದಿದ್ದಾರೆ ಎಂದು ಹೆಂಡತಿ ಹೇಳಿದರೆ ಸಾಕು, ಅಂಚೆ ಕಚೇರಿಯ ಕೇಶವಯ್ಯನವರು ಎರಡೂ ಕಾಲೂರಿ ಅಂಗಳದಲ್ಲಿ ನಿಂತಿರುತ್ತಿದ್ದರು. ತನ್ನ ಭಾರವನ್ನು ತಾನೇ ಹೇಳಿಕೊಂಡರೆ ಅದು ಹಗುರಾಗಿಬಿಡುತ್ತದೆ, ಇನ್ನೊಬ್ಬರೇ ಹೇಳಬೇಕು. ಒಬ್ಬರ ಭಾರದ ಮಾತನ್ನು ಮತ್ತೊಬ್ಬರಿಗೆ ಕೇಳುವಂತೆ ಹೇಳುವುದು ಆ ಊರಿನಲ್ಲಿ ಬಹಳ ದೊಡ್ಡ ಅನಾಗರಿಕತೆ.

ನಾನು ಆ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಬಂದಾಗ ನನಗೆ ಮಾತೇ ಬರುವುದಿಲ್ಲವೆಂದು ಹಲವರು ತಿಳಿದಿದ್ದರು. ವಾರ್ಡನ್ ಸುಭದ್ರಮ್ಮ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನಿಂತು ಹಾಜರಿ ಕೂಗುತ್ತಿದ್ದರು. ಇಂದುಮತಿ ಎಂಬ ನನ್ನ ಹೆಸರನ್ನು ದಿನಾ ಎರಡೆರಡು ಸಲ ಕೂಗಬೇಕಾಗುತ್ತಿತ್ತು. ನಾನು ಮೊದಲ ಸಲಕ್ಕೇ ಉತ್ತರ ಕೊಟ್ಟಿರುತ್ತಿದ್ದೆ, ಅವರಿಗೆ ಕೇಳಿಸಿರುತ್ತಿರಲಿಲ್ಲ. ಊಟದ ಮನೆಯಲ್ಲಿ ಗೋಡೆಯ ಕಡೆಯ ಜಾಗ ಹಿಡಿದು, ಉಪ್ಪು ಬೇಕಾದರೂ ಕೇಳದೆ, ಸಪ್ಪೆ ಸಾರನ್ನೇ ಉಂಡು ಏಳುತ್ತಿದ್ದೆ.

ಒಂದು ದಿನ ಹಾಗೆ ಉಣ್ಣುತ್ತಿರುವಾಗ ಎದುರಿಗೆ ದಾಕ್ಷಾಯಣಿ ಬಂದು ಕೂತಳು. ಹಾಸ್ಟೆಲಿನಲ್ಲಿ ಅವಳ ನಗು ಮೂರನೆಯ ಮಹಡಿಯಲ್ಲಿ ಹುಟ್ಟಿದರೆ ಅಡುಗೆಮನೆಯ ತಟ್ಟೆಗಳು ಅಲುಗುತ್ತಿದ್ದವು. ಅವಳ ಹಿಂದೆ, ಯಾವಾಗಲೂ ಏನನ್ನೋ ಗುನುಗುವ ಫಿಲೋಮಿನಾ, ಕಣ್ಣಿಗೆ ಕಾಡಿಗೆ ತೀಡಿದ ಚಂಪಕಾ. ಅವರ ಗುಂಪಿನಲ್ಲಿ ಹಗ್ಗ ಹಿಡಿಯುತ್ತಿದ್ದ ಹುಡುಗಿ ಮದುವೆಯಾಗಿ ಹೋಗಿದ್ದಳಂತೆ.

"ಕೈ ತೋರ್ಸ," ಅಂದಳು ದಾಕ್ಷಾಯಣಿ. ತೋರಿಸಿದೆ. ಅಂಗೈ ತಿರುಗಿಸಿ ನೋಡಿ, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವವರ ಹಾಗೆ ಹೆಬ್ಬೆರಳಿನ ಬುಡ ಒತ್ತಿದಳು. "ಬಾವಿ ನೀರು ಸೇದಿದ ಕೈ ಅವ. ಮಾತಂತೂ ಆಡೂದಿಲ್ಲ. ಇಕೀನ ನಮ್ಮ ಕೆಳಗಿನಾಕಿ."

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೂಂ ಅನ್ನುತ್ತಿದ್ದೆ. ನನ್ನ ಕಡೆ ಅಷ್ಟು ಹೊತ್ತು ನೋಡಿದ ಮೊದಲ ಮನುಷ್ಯರು ಅವರು.

ಶನಿವಾರ ಮಧ್ಯಾಹ್ನ ಪ್ರಾಕ್ಟಿಕಲ್ಸ್ ಮುಗಿದ ಕೂಡಲೇ ನಾವು ಗೌರಕ್ಕನ ಅಂಗಡಿಗೆ ಓಡುತ್ತಿದ್ದೆವು. ಅದು ಮುಚ್ಚಿಹೋದ ಅಕ್ಕಿ ಗಿರಣಿ. ತಗಡಿನ ಮಾಡು ಬಹಳ ಎತ್ತರದಲ್ಲಿದ್ದದ್ದರಿಂದ ಆ ವ್ಯಾಪಾರಕ್ಕೆ ಹೇಳಿಮಾಡಿಸಿದ ಜಾಗ. ತಲೆ ಬಡಿಯದಿರಲೆಂದು ತೊಲೆಗಳಿಗೆಲ್ಲ ಹಳೆ ಹಾಸಿಗೆ ಸುತ್ತಿದ್ದರು. ಬಾಗಿಲ ಪಕ್ಕ ಹಗ್ಗಗಳ ಕಟ್ಟು ತೂಗುಹಾಕಿರುತ್ತಿತ್ತು. ನಾರಿನ ಹಗ್ಗ ಕೈ ಚುಚ್ಚುತ್ತದೆಂದು ಗೌರಕ್ಕ ತನ್ನ ಹಳೆ ಹತ್ತಿ ಸೀರೆಗಳನ್ನು ಹೊಸೆದು ಮಾಡಿದ್ದ ಹಗ್ಗಗಳು; ಯಾವುದರಲ್ಲಿ ನೋಡಿದರೂ ಒಂದಿಷ್ಟು ಚೌಕಳಿ, ಒಂದಿಷ್ಟು ಜರಿಯಂಚು. ಸೀಸೆಯ ಮುಚ್ಚಳ ತೆಗೆಯುವ ಮುಂಚೆ ಗೌರಕ್ಕ ಪ್ರತಿ ಗುಂಪಿಗೂ ಕೇಳುತ್ತಿದ್ದಳು, ಕೆಳಗಿನವರು ಯಾರವ್ವಾ? ಯಾರಾದರೂ ಕೈ ಎತ್ತದೆ ಮುಚ್ಚಳ ಏಳುತ್ತಿರಲಿಲ್ಲ. ನಾನು ಕೈ ಎತ್ತುತ್ತಿದ್ದೆ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದಾಗಲೂ ಏಳದ ಕೈ ಅಲ್ಲಿ ಮಾತ್ರ ಎಷ್ಟು ಜೋರಾಗಿ ಏಳುತ್ತಿತ್ತೆಂದರೆ ಚಂಪಕಾ ತಮಾಷೆಗೆ, "ಬಸ್ ನಿಲ್ಸ್ತಿದೀಯಾ ಕಣೇ?" ಅನ್ನುತ್ತಿದ್ದಳು.

ನನಗೆ ನಿಂಬೆ ಸೋಡ, ಅವರಿಗೆ ಹುಂಜ. ಸ್ವಲ್ಪ ಹೊತ್ತಿಗೆ ಮೂವರೂ ಮಾಡಿನ ಹತ್ತಿರ ಹೊರಳಾಡುತ್ತಿದ್ದರು. ಕೆಳಗೆ ಸಿಮೆಂಟು ಕಟ್ಟೆಯ ಮೇಲೆ ಕೂತ ನನ್ನ ತಲೆಯ ಮೇಲೆ ಕಡಲೆಕಾಯಿ ಸಿಪ್ಪೆಯ ಮಳೆ. ಮೇಲೆ ಅವರು ಏನು ಮಾತಾಡುತ್ತಿದ್ದರೋ ಅರ್ಧಕ್ಕರ್ಧ ಕೇಳಿಸುತ್ತಿರಲಿಲ್ಲ. ಆದರೆ ಅವರ ನಗು ಹಗ್ಗದ ಗುಂಟ ಇಳಿದು ಬಂದು ನನ್ನ ಅಂಗೈಗೆ ತಾಗುತ್ತಿತ್ತು, ಗಾಳಕ್ಕೆ ಸಿಕ್ಕ ಮೀನು ಎಳೆದ ಹಾಗೆ. ಫಿಲೋಮಿನಾಳದು ಸಣ್ಣ ಸಣ್ಣ ಮೀನು, ಚಟಪಟ. ಚಂಪಕಾಳದು ಒಮ್ಮೆ ಎಳೆದು ಸುಮ್ಮನಾಗಿ ಮತ್ತೆ ಎಳೆಯುವುದು. ದಾಕ್ಷಾಯಣಿಯದಕ್ಕೆ ಎರಡೂ ಕೈ ಬೇಕು, ಕಾಲನ್ನು ಕಟ್ಟೆಗೆ ಒತ್ತಿಕೊಳ್ಳಬೇಕು. ಕಣ್ಣು ಮುಚ್ಚಿಕೊಂಡೂ ಯಾರು ನಗುತ್ತಿದ್ದಾರೆಂದು ಹೇಳಬಲ್ಲವಳಾಗಿದ್ದೆ. ನಾನು ಬಿಯರಿನ ಒಂದು ಹನಿ ಕುಡಿಯದೆ ಅಮಲೇರಿದವಳಂತೆ ಕೂತಿರುತ್ತಿದ್ದೆ.

ಹಾಜರಿಯ ಹೊತ್ತು ಹತ್ತಿರವಾದಾಗ ಒಬ್ಬೊಬ್ಬರನ್ನೇ ಕಿವಿ ಸಿಗುವಷ್ಟು ಕೆಳಗೆಳೆದು ಭಾರದ ಮಾತು ಹೇಳುತ್ತಿದ್ದೆ. ಅವು ಯಾವುವೆಂದು ಅವರೇನೂ ನನಗೆ ಹೇಳಿಕೊಟ್ಟಿರಲಿಲ್ಲ. ಸುಮ್ಮನಿರುವವರಿಗೆ ಇನ್ನೊಬ್ಬರ ಮುಖ ನೋಡಲು ಬೇಕಾದಷ್ಟು ಪುರುಸೊತ್ತಿರುತ್ತದೆ. ದಾಕ್ಷಾಯಣಿಗೆ ಕಾಲೇಜಿನ ಹಾಜರಿ ಕಮ್ಮಿಯಾಗಿ ಪರೀಕ್ಷೆಗೆ ಕೂರಿಸುವುದಿಲ್ಲವೆಂಬ ಹೆದರಿಕೆ. ಫಿಲೋಮಿನಾಳಿಗೆ ಕೆಮಿಸ್ಟ್ರಿ ವೈವಾ. ಚಂಪಕಾಳಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದ ಕಾಮರ್ಸಿನ ಒಬ್ಬ ಹುಡುಗ. ಇವತ್ತೂ ಅವನು ನಿನ್ನ ಕಡೆ ತಿರುಗಲಿಲ್ಲ ಕಣೇ ಎಂದರೆ ಪಾಪ, ಮಳೆಗೆ ನೆನೆದ ಗಾಳಿಪಟದಂತೆ ಇಳಿಯುತ್ತಿದ್ದಳು. ಇಳಿದ ಮೇಲೆ ಮೂವರೂ ನನ್ನ ಹೆಗಲಿಗೆ ತೂಗಿಬಿದ್ದು, ಇಂದೂ ಇಲ್ಲದಿದ್ದರೆ ನಮ್ಮ ಗತಿ ಏನು ಅನ್ನುತ್ತಿದ್ದರು. ಆ ಮಾತನ್ನು ನಾನು ಹಾಸಿಗೆಗೆ ತೆಗೆದುಕೊಂಡು ಹೋಗಿ ಹೊರಳಿಸಿ ಹೊರಳಿಸಿ ನೋಡುತ್ತಿದ್ದೆ. ಇಂದೂ ಅಂದರೆ ನಾನೋ, ನನ್ನ ಎರಡು ಕೈಗಳೋ? ಕೈ ನೋಡಿ ತಾನೆ ಅವರು ನನ್ನನ್ನು ಸೇರಿಸಿಕೊಂಡದ್ದು. ಕುಡಿಯಬೇಕೇನೇ ಎಂದು ಒಬ್ಬರಾದರೂ ಒಂದು ಸಲವಾದರೂ ಕೇಳಿರಲಿಲ್ಲ. ಬಾಯಿ ಬಿಟ್ಟು ಕೇಳೋಣವೆಂದರೆ, ಉಪ್ಪನ್ನೇ ಕೇಳದವಳು ನಾನು. ಮೂರು ವರ್ಷ ಹಾಗೇ ಕಳೆಯಿತು.

ಕೊನೆಯ ಪರೀಕ್ಷೆ ಮುಗಿದದ್ದು ಏಪ್ರಿಲಿನ ಒಂದು ಮಧ್ಯಾಹ್ನ. ಮಾರನೆಯ ಬೆಳಿಗ್ಗೆ ನಾಲ್ವರಿಗೂ ನಾಲ್ಕು ದಿಕ್ಕಿನ ಬಸ್ಸು. ಹಾಸ್ಟೆಲಿನ ವಾಡಿಕೆಯಂತೆ ಎಲ್ಲರ ಹಾಸಿಗೆಗಳನ್ನೂ ತಾರಸಿಯ ಮೇಲೆ ಬಿಸಿಲಿಗೆ ಹರವಿ ಬಂದು, ಗೌರಕ್ಕನಲ್ಲಿಗೆ ಓಡಿದೆವು. ಗಿರಣಿಯ ಒಳಗೆ ಜಾಗವಿರಲಿಲ್ಲ. ಮಾಡಿನ ತುಂಬ ಕಾಲೇಜೇ ತೇಲುತ್ತಿತ್ತು. ಗೌರಕ್ಕ ನಮ್ಮನ್ನು ಹಿಂದಿನ ಅಂಗಳದಲ್ಲಿ, ಹಿಂದೆ ಭತ್ತ ಒಣಗಿಸುತ್ತಿದ್ದ ಸಿಮೆಂಟು ನೆಲದ ಮೇಲೆ ಕೂರಿಸಿದಳು. ಮೇಲೆ ಬರೀ ಆಕಾಶ. ಕೇಳುವ ಗೋಜಿಗೇ ಹೋಗದೆ ಮೂರು ಹುಂಜ, ಒಂದು ಸೋಡ ತಂದಿಟ್ಟಳು.

ನಾನು ಸೋಡದ ಸೀಸೆಯನ್ನು ಅವಳ ಕಡೆ ತಳ್ಳಿದೆ. "ನಂಗೂ ಹುಂಜ," ಅಂದೆ.

ಅಷ್ಟು ಮೆಲ್ಲಗೆ ಹೇಳಿದ್ದರೂ ಮೂವರಿಗೂ ಕೇಳಿಸಿತು. ಫಿಲೋಮಿನಾಳ ಗುನುಗು ನಿಂತಿತು. ಗೌರಕ್ಕ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು, ಆಮೇಲೆ ಅವರನ್ನು ನೋಡಿದಳು.

"ಕುಡೀಲಿ, ಬ್ಯಾಡ ಅನ್ನಕ್ಕೆ ನಾನ್ಯಾರು. ಇವಳ ಭಾರದ ಮಾತು ನಿಮ್ಮಲ್ಲಿ ಯಾರಿಗ್ ಗೊತ್ತು?"

ಚಂಪಕಾ ಫಿಲೋಮಿನಾಳ ಮುಖ ನೋಡಿದಳು. ಫಿಲೋಮಿನಾ ದಾಕ್ಷಾಯಣಿಯ ಮುಖ ನೋಡಿದಳು. ದಾಕ್ಷಾಯಣಿ ಕಡಲೆಕಾಯಿ ಸುಲಿಯತೊಡಗಿದಳು. ಸುಲಿದು, ಬೀಜ ಎಸೆದು, ಸಿಪ್ಪೆ ಬಾಯಿಗೆ ಹಾಕಿಕೊಂಡಳು. ಮೂರು ವರ್ಷದಲ್ಲಿ ನನ್ನ ಮನಸ್ಸಿನಲ್ಲಿ ಏನಿದೆಯೆಂದು ತಮಗೆ ಗೊತ್ತೇ ಇಲ್ಲವೆಂಬುದು ಅವರಿಗೆ ಹೊಳೆಯುತ್ತಿರುವುದನ್ನು ನಾನು ಕೂತು ನೋಡಿದೆ. ಅವರಿಗಿಂತ ನನಗೇ ಹೆಚ್ಚು ನಾಚಿಕೆಯಾಯಿತು. ಸೋಡವನ್ನು ವಾಪಸು ಎಳೆದುಕೊಳ್ಳೋಣವೆನ್ನಿಸಿತು.

"ನಂಗ ಗೊತ್ತೈತಿ," ಅಂದಳು ದಾಕ್ಷಾಯಣಿ, ಸಿಪ್ಪೆ ಉಗುಳಿ. ಶುದ್ಧ ಸುಳ್ಳು. "ಕೊಡ್ರಿ ಅಕ್ಕಾ. ಇವತ್ತ ನಾ ಕೆಳಗಿನಾಕಿ."

ತನ್ನ ಕೈಯ ಮೇಲೆ ತನಗೇ ನಂಬಿಕೆಯಿಲ್ಲದೆ ಅವಳು ನನ್ನ ಹಗ್ಗದ ತುದಿಯನ್ನು ತನ್ನ ಸೊಂಟದ ಬಳೆಗೇ ಬಿಗಿದು ಗಂಟು ಹಾಕಿಕೊಂಡಳು. ಇನ್ನಿಬ್ಬರೂ ಅಷ್ಟೇ, ಇವತ್ತು ನಾವೂ ಕುಡಿಯುವುದಿಲ್ಲ, ಇವಳೊಬ್ಬಳೇ ಹೋಗಿಬರಲಿ ಅಂದರು. ನಾನು ಕುಡಿದೆ. ಕಹಿಗೆ ಕಣ್ಣಲ್ಲಿ ನೀರು ಬಂತು. ಇಂಥದ್ದನ್ನು ವಾರವಾರ ಹೇಗಪ್ಪಾ ಕುಡಿದರು ಅಂದುಕೊಳ್ಳುತ್ತಿರುವಾಗಲೇ ಒಂದು ಬಿಕ್ಕು ಬಂತು. ಹಿಮ್ಮಡಿ ತಣ್ಣಗಾಯಿತು. ಕೆಳಗೆ ನೋಡಿದರೆ ನನ್ನ ಚಪ್ಪಲಿ ಒಂದು ಕಡೆ, ನಾನು ಒಂದು ಕಡೆ.

ಮೇಲೆ ಹೋಗುವುದೆಂದರೆ ಹೇಗೆಂದು ಯಾರಾದರೂ ಕೇಳಿದರೆ ಹೀಗೆ ಹೇಳಬಹುದು: ಬೇಸಿಗೆಯಲ್ಲಿ ತಲೆಗೆ ನೀರು ಹಾಕಿಕೊಂಡ ಮೇಲೆ ಕುತ್ತಿಗೆಯ ಹಿಂದೆ ಬರುವ ತಂಪು ಇದೆಯಲ್ಲ, ಅದು ಮೈಗೆಲ್ಲ ಬಂದ ಹಾಗೆ. ನಾನು ನಕ್ಕೆ. ಅಂಗೈ ಅಡ್ಡ ಇಟ್ಟು ನಗುವ ಅಭ್ಯಾಸದವಳು, ಆದರೆ ಕೈಗಳು ಎರಡೂ ಗಾಳಿಯಲ್ಲಿ ಎಲ್ಲೋ ಇದ್ದವು. ನಗು ಕುದುರೆಯ ಹಾಗೆ ಹೊರಬಿತ್ತು. ಕೆಳಗಿನ ಮೂವರೂ ಬಾಯಿ ತೆರೆದು ನಿಂತರು. ಅವರು ನನ್ನ ನಗುವನ್ನು ಅವತ್ತೇ ಮೊದಲು ಕೇಳಿದ್ದು.

ಆ ಸಂತೋಷಕ್ಕೆ ಫಿಲೋಮಿನಾ ಒಂದೇ ಒಂದು ಗುಟುಕು ಅಂತ ಕುಡಿದಳು; ಹೇಗೂ ಇನ್ನಿಬ್ಬರು ಇದ್ದಾರಲ್ಲ. ಚಂಪಕಾ ಒಂದೇ ಒಂದು ಗುಟುಕು ಅಂತ ಕುಡಿದಳು. ಹೇಗೂ ದಾಕ್ಷಾಯಣಿ ಇದ್ದಾಳಲ್ಲ. ದಾಕ್ಷಾಯಣಿ ಹಗ್ಗ ಗಟ್ಟಿಯಾಗಿ ಕಟ್ಟಿದೆಯಲ್ಲ ಅಂತ ಧೈರ್ಯವಾಗಿ ಅರ್ಧ ಸೀಸೆ ಕುಡಿದಳು. ಯಾರಿಗೆ ಕಟ್ಟಿದೆ ಎಂಬುದನ್ನು ಮರೆತಿದ್ದಳು. ಒಂದೊಂದು ಗುಟುಕು ಇನ್ನೊಂದೊಂದಾಯಿತು. ಗೌರಕ್ಕ ಒಳಗಿಂದ ಚುರುಮುರಿ ತರುವಷ್ಟರಲ್ಲಿ ಅಂಗಳದಲ್ಲಿ ನಾಲ್ಕು ಜೊತೆ ಚಪ್ಪಲಿ ಬಿಟ್ಟು ಬೇರೇನೂ ಇರಲಿಲ್ಲ. ಅವಳು ತಲೆಯೆತ್ತಿ, "ಸೀಸೆ ಕೆಳಕ್ಕೆ ಬಿಟ್ಟೀರಾ, ಯಾರ್ ತಲೆ ಮೇಲಾದ್ರೂ ಬಿದ್ದೀತು," ಎಂದು ಕೂಗುತ್ತ ಕೂಗುತ್ತ ಸಣ್ಣಗಾದಳು.

ದೀಪದ ಕಂಬ ದಾಟಿತು. ಪುರಸಭೆಯ ಬೋರ್ಡನ್ನು ಫಿಲೋಮಿನಾ ರಾಗವಾಗಿ ಓದಿದಳು. ಒಬ್ಬರ ಕಾಲನ್ನೊಬ್ಬರು ಹಿಡಿದುಕೊಂಡು, ಗಂಟುಬಿದ್ದ ಬಟ್ಟೆಗಳ ಹಾಗೆ ಸುತ್ತುತ್ತ ನಾವು ಊರ ಮೇಲೆ ಹೋದೆವು. ಮೂರು ವರ್ಷ ಓಡಾಡಿದ ಊರು ಅಂಗೈಯಗಲ ಆಗಿತ್ತು. ಪ್ರಿನ್ಸಿಪಾಲರ ಮನೆಯ ತಾರಸಿಯಲ್ಲಿ ಸ್ವತಃ ಪ್ರಿನ್ಸಿಪಾಲರೇ ಪಂಚೆಯುಟ್ಟು ಹಪ್ಪಳ ಕಾಯುತ್ತಿದ್ದರು. ದಾಕ್ಷಾಯಣಿ ಮೇಲಿಂದ ನಮಸ್ಕಾರ ಸಾರ್ ಅಂದಳು. ಅವರು ಸುತ್ತಲೂ ನೋಡಿ, ಯಾರೂ ಕಾಣದೆ, ಕಾಗೆಗೆ ಕೈಮುಗಿದರು. ಅದನ್ನು ಕಂಡು ನಾವು ಇನ್ನಷ್ಟು ಮೇಲೆ ಹೋದೆವು.

ಗಾಳಿ ನಮ್ಮನ್ನು ಹಾಸ್ಟೆಲಿನ ಕಡೆ, ಅದರಾಚೆಯ ಕೆರೆಯ ಕಡೆ ತಳ್ಳುತ್ತಿತ್ತು. ಕೆರೆ ಹತ್ತಿರವಾಗುತ್ತಿರುವುದು ಕಂಡದ್ದು ನನಗೇ. ಕೆಳಗಿನವಳ ಅಭ್ಯಾಸ ಮೇಲೆ ಹೋದರೂ ಬಿಡಲಿಲ್ಲ. ಹೊತ್ತು ಇಳಿಯುತ್ತಿತ್ತು, ಹಾಜರಿ ಹತ್ತಿರವಿತ್ತು, ಟೈಪಿಂಗ್ ಮೇಷ್ಟ್ರ ಕುಂಬಳಕಾಯಿ ನೆನಪಾಯಿತು. ಇವರನ್ನು ಇಳಿಸಬೇಕು. ದಾಕ್ಷಾಯಣಿಯ ಕಿವಿ ಸಿಕ್ಕಿತು, ನಿನಗೆ ಹಾಜರಿ ಕಮ್ಮಿಯಿದೆಯಂತೆ ಅಂದೆ. ಪರೀಕ್ಷೆಯೇ ಮುಗೀತಲ್ಲೇ ಹುಚ್ಚೀ ಎಂದು ಅವಳು ಬುಸಕ್ಕನೆ ಮೇಲೇರಿದಳು. ಫಿಲೋಮಿನಾಳಿಗೆ ಕೆಮಿಸ್ಟ್ರಿ ವೈವಾ ಎಂದೆ. ಆ ಎಕ್ಸ್‌ಟರ್ನಲ್ ತನ್ನನ್ನು ಕೇಳಿದ್ದು ಉಪ್ಪಿನ ಫಾರ್ಮುಲಾ ಒಂದನ್ನೇ ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು. ಚಂಪಕಾಳಿಗೆ ಕಾಮರ್ಸಿನ ಹುಡುಗನ ಸುದ್ದಿ ತೆಗೆದೆ. "ಅಯ್ಯೋ, ಅವನ ಮೂಗು ಸರಿಯಾಗಿ ನೋಡಿದ್ಯಾ ಇಂದೂ? ನಾನು ನೋಡಿದ್ದೇ ಹೋದ ವಾರ," ಅಂದಳು. ಭಾರಗಳೆಲ್ಲ ಕಾಲೇಜಿನ ಜೊತೆಗೇ ಮುಗಿದುಹೋಗಿದ್ದವು. ನನ್ನ ಕೈಯಲ್ಲಿ ಈಗ ಒಂದೂ ಉಳಿದಿರಲಿಲ್ಲ.

ಅವರು ನನ್ನನ್ನು ಇಳಿಸಲು ನೋಡಿದರು. ಚಂಪಕಾ ನನ್ನ ಜಡೆ ಇಲಿಬಾಲದ ಥರ ಅಂದಳು. ಫಿಲೋಮಿನಾ, ಇಂಗ್ಲಿಷ್ ಪೇಪರಿನಲ್ಲಿ ನೀನು ಫೇಲು ಅಂದಳು. ದಾಕ್ಷಾಯಣಿ ಬಹಳ ಯೋಚಿಸಿ, "ನಿಮ್ಮ ಎಮ್ಮಿ ಸತ್ತೈತಿ," ಅಂದಳು. ನಮ್ಮ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ. ನಾನು ಮತ್ತೆ ಕುದುರೆಯ ಹಾಗೆ ನಕ್ಕೆ, ಹಗ್ಗ ಬಿಗಿಯಾಗುವಷ್ಟು ಮೇಲೆ ಹೋದೆ, ದಾಕ್ಷಾಯಣಿಯನ್ನೂ ಎಳೆದುಕೊಂಡು.

ಹಾಸ್ಟೆಲಿನ ತಾರಸಿ ಕಾಲ ಕೆಳಗೆ ಬಂತು. ಬಿಳಿ, ನೀಲಿ, ಗೀರುಗೀರಿನ ಹಾಸಿಗೆಗಳು ಸಾಲಾಗಿ ಮಲಗಿದ್ದವು. ನಮ್ಮ ನಾಲ್ವರವೂ ಒಂದಕ್ಕೊಂದು ಒತ್ತಿಕೊಂಡು ಇದ್ದವು, ಮಧ್ಯಾಹ್ನ ನಾವೇ ಹಾಕಿದ ಹಾಗೆ. ನಾಳೆ ಅವನ್ನು ಸುರುಳಿ ಸುತ್ತಿ ಕೋಣೆಗೆ ಎಸೆಯುತ್ತಾರೆ. ಜೂನಿನಲ್ಲಿ ಬೇರೆ ಯಾರೋ ಬಿಚ್ಚಿಕೊಳ್ಳುತ್ತಾರೆ. ಬೆಳಗಿನಿಂದ ನನ್ನ ಗಂಟಲಲ್ಲಿ ಕೂತಿದ್ದ ಮಾತು ಅದು. ನಾಲ್ವರಲ್ಲಿ ಯಾರೂ ಅದನ್ನು ಆಡಿರಲಿಲ್ಲ, ಪರೀಕ್ಷೆ, ಹುಂಜ, ಹಾಸಿಗೆ ಅಂತ ಅದರ ಸುತ್ತಲೇ ಓಡಾಡಿದ್ದೆವು. ಕಿವಿಯಲ್ಲಿ ಹೇಳಲು ಯಾರ ಕಿವಿಯೂ ಹತ್ತಿರವಿರಲಿಲ್ಲ. ಕೂಗಿಯೇ ಹೇಳಬೇಕಿತ್ತು. ಹೇಳಿದರೂ ಅವರು ನಕ್ಕುಬಿಟ್ಟರೆ? ಹಾಗಾದರೆ ಇಷ್ಟೂ ದಿನ ಇವರಿಗೆ ಬೇಕಾಗಿದ್ದದ್ದು ಒಂದು ಜೊತೆ ಕೈ ಮಾತ್ರ ಎಂದು ನನಗೆ ತಿಳಿದುಹೋಗುತ್ತದೆ. ತಿಳಿಯದೇ ಇದ್ದರೇ ಒಳ್ಳೆಯದಿತ್ತು. ಆದರೆ ತಾರಸಿ ಆಗಲೇ ಅರ್ಧ ದಾಟುತ್ತಿತ್ತು.

"ನಾಳೆಯಿಂದ ನಿಮ್ಮ ಹಗ್ಗ ನನ್ನ ಕೈಲಿರಲ್ಲ," ಎಂದು ಕೂಗಿದೆ.

ಮೊದಲು ಇಳಿದದ್ದು ದಾಕ್ಷಾಯಣಿ. ಇಳಿದಳು ಅನ್ನುವುದಕ್ಕಿಂತ ಬಿದ್ದಳು ಅನ್ನಬೇಕು, ಬಾವಿಗೆ ಬಿಟ್ಟ ಕೊಡದ ಹಾಗೆ. ಅವಳ ಬೆನ್ನಿಗೇ ಫಿಲೋಮಿನಾ, ಫಿಲೋಮಿನಾಳ ಬೆನ್ನಿಗೇ ಚಂಪಕಾ. ದೊಪ್, ದೊಪ್, ದೊಪ್ ಎಂದು ಮೂವರೂ ಹಾಸಿಗೆಗಳ ಮೇಲೆ ಬಿದ್ದು, ಹತ್ತಿಯ ಧೂಳಿನ ನಡುವೆ ಕಾಲು ಚಾಚಿಕೊಂಡು ಕೂತರು. ಮೂರು ವರ್ಷದಲ್ಲಿ ನಾನು ಹೇಳಿದ ಯಾವ ಮಾತಿಗೂ ಅವರು ಅಷ್ಟು ಜೋರಾಗಿ ಇಳಿದಿರಲಿಲ್ಲ. ಹಾಜರಿಗೆ ಇಷ್ಟಿಷ್ಟೇ ಇಳಿಯುತ್ತಿದ್ದ ದಾಕ್ಷಾಯಣಿ, ನನ್ನ ಒಂದು ಮಾತಿಗೆ ಕಲ್ಲಾಗಿ ಹಾಸಿಗೆಯಲ್ಲಿ ಗುಳಿ ತೋಡಿ ಕೂತಿದ್ದಳು.

ನಾನು ಇಳಿಯಲಿಲ್ಲ. ಆ ಮಾತು ನನ್ನ ಬಾಯಿಂದಲೇ ಬಂದದ್ದರಿಂದಲೋ ಏನೋ, ನನ್ನ ಮಟ್ಟಿಗೆ ಅದು ಹಗುರಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು ಬಿದ್ದ ರೀತಿ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ ಹಗ್ಗ ಮುಗಿಯುವವರೆಗೂ ಸರ್ರನೆ ಮೇಲೆ ಹೋದೆ. ಸೊಂಟದ ಬಳಿ ಜಗ್ಗಿ ನಿಂತಿತು. ಹಗ್ಗದ ಆ ತುದಿ ದಾಕ್ಷಾಯಣಿಯ ಸೊಂಟದಲ್ಲೇ ಇತ್ತಲ್ಲ. ಕೆಳಗೆ ಮೂವರೂ ಎದ್ದು ನಿಂತು, ಮೂರು ಜೊತೆ ಕೈಗಳಿಂದ ಹಗ್ಗ ಹಿಡಿದು, ನನ್ನನ್ನು ಎಳೆಯತೊಡಗಿದರು. ಎಳೆದಷ್ಟೂ ನಾನು ನಗುತ್ತಿದ್ದೆ, ನಕ್ಕಷ್ಟೂ ಹಗ್ಗ ಅವರ ಕೈಯಿಂದ ಜಾರುತ್ತಿತ್ತು.

ಕೊನೆಗೆ ದಾಕ್ಷಾಯಣಿ ಎಳೆಯುವುದನ್ನು ಬಿಟ್ಟು ಹಾಸಿಗೆಯ ಮೇಲೆ ಕುಕ್ಕರಿಸಿದಳು. "ಇಕೀ ಭಾರ ನಮಗ ಗೊತ್ತಿಲ್ಲ. ಇಷ್ಟ ದಿನ ಕೇಳೇ ಇಲ್ಲ, ಈಗ ಎಲ್ಲಿಂದ ತರೂದು," ಅಂದಳು. ಆಮೇಲೆ ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡಳು. "ಇರಲಿ ಬಿಡ್ರಿ ಮ್ಯಾಲೆ. ಇಳಿಯೂತನಕ ಹಿಡಿಯೋಣು."

ಹಾಗೆ ಅವರು ಮೂವರೂ ಕೂತು ಹಿಡಿದರು. ಬಿಸಿಲು ಕೆಂಪಾಗುತ್ತಿತ್ತು. ನಾನು ಮಲಗಿದ ಹಾಗೆ ಬೆನ್ನು ಕೆಳಗೆ ಮಾಡಿ, ಕೈ ಚಾಚಿ, ಅಲ್ಲೇ ತೂಗುತ್ತಿದ್ದೆ. ಸುಮ್ಮಸುಮ್ಮನೆ ನಗು ಬರುತ್ತಿತ್ತು. ಪ್ರಿನ್ಸಿಪಾಲರ ಕಾಗೆ, ಇಲ್ಲದ ಎಮ್ಮೆ, ಉಪ್ಪಿನ ಫಾರ್ಮುಲಾ. ಒಮ್ಮೆ ಹಾಗೆ ನಕ್ಕಾಗ ಕೆಳಗೆ ಫಿಲೋಮಿನಾ ಬೆಚ್ಚಿ ತನ್ನ ಅಂಗೈ ನೋಡಿಕೊಂಡಳು.

"ಏ, ಇದೇನಿದು, ಮೀನು ಎಳೆದ ಹಾಗೆ ಆಗುತ್ತಲ್ಲೇ," ಅಂದಳು.

ಎಲ್ಲಿ, ಎಲ್ಲಿ ಎಂದು ಇನ್ನಿಬ್ಬರೂ ಹಗ್ಗಕ್ಕೆ ಅಂಗೈ ಒತ್ತಿ, ಉಸಿರು ಬಿಗಿಹಿಡಿದು ಕಾದು ಕೂತರು. ಅವರು ಹಾಗೆ ಕೂತದ್ದನ್ನು ನೋಡಿ ನನಗೆ ಮತ್ತೆ ನಗು ಬಂತು. ಅದು ಹಗ್ಗದ ಗುಂಟ ಇಳಿದು ಹೋಗುವುದನ್ನು, ಅವರ ಮುಖಗಳಿಗೆ ತಲುಪುವುದನ್ನು ನಾನು ಮೇಲಿಂದ ನೋಡಿದೆ. ಚಂಪಕಾ ಹಗ್ಗಕ್ಕೆ ಕೆನ್ನೆಯಾನಿಸಿಕೊಂಡಳು. ಇಷ್ಟು ದಿನ ಇದನ್ನೆಲ್ಲ ನೀನೊಬ್ಬಳೇ ತಿಂತಿದ್ದೆಯಾ ಕಳ್ಳೀ ಎಂದು ಬೈದಳು.

ಹಾಜರಿಯ ಗಂಟೆ ಬಾರಿಸಿದಾಗ ನಾನು ಆಳೆತ್ತರದವರೆಗಷ್ಟೇ ಇಳಿದಿದ್ದೆ. ಮೂವರೂ ನನ್ನನ್ನು ಹಗ್ಗದಲ್ಲಿ ಹಿಡಿದು, ತಾರಸಿಯ ಮೆಟ್ಟಿಲುಗಳನ್ನು ಇಳಿಸಿ, ತಿರುವಿನಲ್ಲಿ ನನ್ನ ತಲೆಗೆ ಕೈಯಡ್ಡ ಇಟ್ಟು ಕಾಪಾಡಿ, ಹಿತ್ತಲು ಸುತ್ತಿ ಮುಂಬಾಗಿಲಿಗೆ ತಂದರು. ಹಗ್ಗ ಯಾರು ಹಿಡಿಯುವುದೆಂದು ದಾರಿಯುದ್ದಕ್ಕೂ ಜಗಳ. ಸುಭದ್ರಮ್ಮ ದೀಪದ ಪಕ್ಕ ನಿಂತು ಹೆಸರು ಕೂಗುತ್ತಿದ್ದರು. ಚಂಪಕಾ ಆಯಿತು, ದಾಕ್ಷಾಯಣಿ ಆಯಿತು, ಫಿಲೋಮಿನಾ ಆಯಿತು. ಮೂವರ ತಲೆಗಳ ಮೇಲೆ ಬಾಗಿಲ ತೋರಣದ ಪಕ್ಕ ನಾನು ತೂಗುತ್ತಿದ್ದೆ. ಸುಭದ್ರಮ್ಮ ತಲೆಯೆತ್ತಲಿಲ್ಲ.

"ಇಂದುಮತಿ," ಅಂದರು. ಅಭ್ಯಾಸದಂತೆ ಎರಡನೆಯ ಸಲ ಕೂಗಲು ಬಾಯಿ ತೆರೆದರು.

"ಪ್ರೆಸೆಂಟ್ ಮೇಡಂ," ಅಂದೆ. ಬೀದಿಯಲ್ಲಿ ಹೋಗುತ್ತಿದ್ದ ಸೈಕಲಿನವನು ಬ್ರೇಕು ಹಾಕಿದ.

ಆಗ ಸುಭದ್ರಮ್ಮ ಕನ್ನಡಕ ಹಣೆಗೇರಿಸಿ ಮೇಲೆ ನೋಡಿದರು. ನನ್ನ ಮುಖ ನೋಡಿದರು, ಗಾಳಿಯಲ್ಲಿ ಆಡುತ್ತಿದ್ದ ನನ್ನ ಬರಿಗಾಲು ನೋಡಿದರು, ಹಗ್ಗ ನೋಡಿದರು, ಹಗ್ಗಕ್ಕೆ ಜೋತುಬಿದ್ದಿದ್ದ ಮೂರು ಜೊತೆ ಕೈ ನೋಡಿದರು.

"ಕೇಳಿಸ್ತಮ್ಮ," ಅಂದರು. "ಕಾಲು ಒರೆಸ್ಕೊಂಡು ಒಳಗೆ ಬಾ."

ಬಾಗಿಲಲ್ಲಿ ಚಾಪೆಯಿತ್ತು. ಮೂವರೂ ಸೇರಿ ನನ್ನನ್ನು ಎಳೆದು ಎಳೆದು ಅದರ ಮಟ್ಟಕ್ಕೆ ಇಳಿಸಿದರು. ನಾನು ಒಂದು ಕಾಲು ಒರೆಸಿದೆ, ಇನ್ನೊಂದು ಒರೆಸುವಷ್ಟರಲ್ಲಿ ನಗು ಬಂದುಬಿಟ್ಟಿತು.